ಹೊಲದ ಕಲ್ಲು, ಜಾತ್ರೆಯ ಚಪ್ಪರ: ಶಾಸನದ ಅಚ್ಚು ತೆಗೆದು ಊರಿಗೆ ಓದಿಸಿದ ಅನುಭವ

ಶಾಸನದ ಕಲ್ಲಿಗೆ ಒದ್ದೆ ಕಾಗದ ಹಚ್ಚಿ, ಮಸಿ ಒತ್ತಿ ಅಕ್ಷರದ ಅಚ್ಚು ತೆಗೆಯುವ ಕೆಲಸ ಇದು; ಆದರೆ ಕಲ್ಲಿಗಿಂತ ಮೊದಲು ಪುಸ್ತಕ ಹಿಡಿಯಬೇಕು. ಹಳೇ ಮೈಸೂರು ಕಡೆಯ ಊರಾದರೆ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಿರುವಿ: ಹಾಸನಕ್ಕೆ 5ನೇ ಸಂಪುಟ, ಶಿವಮೊಗ್ಗಕ್ಕೆ 7 ಮತ್ತು 8, ಬೆಂಗಳೂರಿಗೆ 9, ಕೋಲಾರಕ್ಕೆ 10. ಊರಿನ ಹೆಸರು ಸಿಗಲಿಲ್ಲವೆಂದು ಅಲ್ಲಿಗೇ ಬಿಡಬೇಡಿ. ಅಲ್ಲಿರುವುದು ಆ ಕಾಲದ ತಾಲ್ಲೂಕು ವಿಂಗಡಣೆ, ಹೆಸರಿನ ಕಾಗುಣಿತವೂ ಬೇರೆ; ಅಕ್ಕಪಕ್ಕದ ಊರುಗಳ ಹೆಸರನ್ನೂ ಹುಡುಕಿ. ಪ್ರತಿ ಶಾಸನದ ತಲೆಯಲ್ಲಿ ಅದು ಎಲ್ಲಿತ್ತು ಎಂದು ಒಂದು ಸಾಲು ಇರುತ್ತದೆ: ಕೆರೆ ತೂಬಿನ ಹತ್ತಿರ, ಗುಡಿಯ ಮುಂದೆ, ಇಂಥ ಹೊಲದಲ್ಲಿ. ಆ ಸಾಲನ್ನು ಬರೆದುಕೊಂಡು ಊರಿಗೆ ಹೋಗಬೇಕು.

ಹೋದರೆ ಕಲ್ಲು ಅಲ್ಲಿರುವುದಿಲ್ಲ. ಸಿಗುವುದು ಮೋರಿಯ ಮೇಲಿನ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಕೊಟ್ಟಿಗೆಯ ಮೆಟ್ಟಿಲಾಗಿ. ಅಕ್ಷರದ ಮುಖ ಕೆಳಗೆ ಮಾಡಿ ಹಾಸಿದ್ದರೆ ಅದೃಷ್ಟ, ಸವೆದಿರುವುದಿಲ್ಲ. 'ಶಾಸನ ಎಲ್ಲಿದೆ' ಎಂದು ಕೇಳಿದರೆ ಯಾರಿಗೂ ತಿಳಿಯದು. 'ಅಕ್ಷರ ಇರೋ ಕಲ್ಲು', 'ಕುದುರೆ ಮೇಲೆ ಕೂತವನ ಕಲ್ಲು' ಎಂದು ಕೇಳಿ. ದನ ಕಾಯುವವರು ನೇರ ಕರೆದುಕೊಂಡು ಹೋಗುತ್ತಾರೆ.

ಮುಟ್ಟುವ ಮುಂಚೆ ಅನುಮತಿ. ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಅಚ್ಚು ತೆಗೆಯುವಂತಿಲ್ಲ. ಹೊಲದಲ್ಲಿದ್ದರೆ ಹೊಲದ ಯಜಮಾನ, ಜೊತೆಗೆ ಪಂಚಾಯಿತಿಗೊಂದು ಪತ್ರ. ಪೂಜೆಗೊಳ್ಳುವ ಕಲ್ಲಾದರೆ ಪೂಜಾರಿಯ ಮಾತೇ ಕೊನೆ. ಎಣ್ಣೆ ಕುಡಿದ ಕಲ್ಲಿಗೆ ಕಾಗದ ಹಿಡಿಯುವುದೂ ಇಲ್ಲ, ಅದಕ್ಕೆ ಫೋಟೊ ಸಾಕು.

ತೊಳೆಯಲು ನೀರು, ಮೆತ್ತನೆ ನೈಲಾನ್ ಬ್ರಷ್, ಅಕ್ಷರದ ಸಂದಿಗೆ ಬಿದಿರಿನ ಕಡ್ಡಿ. ಇಷ್ಟೇ. ತಂತಿ ಬ್ರಷ್ ಬಳಪದ ಕಲ್ಲನ್ನು ಗೀರಿಬಿಡುತ್ತದೆ, ಆ ಗೀರು ಮುಂದೆ ಓದುವವರಿಗೆ ಒತ್ತಕ್ಷರದಂತೆ ಕಾಣುತ್ತದೆ. ಆಸಿಡ್ ಬೇಡವೇ ಬೇಡ. ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದು ಎಲ್ಲರೂ ಮಾಡುವ ತಪ್ಪು: ತುಂಬುವವನು ಏನೆಂದು ಊಹಿಸಿದನೋ ಅದೇ ಅಕ್ಷರವಾಗಿ ಫೋಟೊದಲ್ಲಿ ಉಳಿಯುತ್ತದೆ. ಬದಲಿಗೆ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಓರೆಯಾಗಿ ಪಕ್ಕದಿಂದ ಹಿಡಿದು ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಒಂದೊಂದು ಫೋಟೊ ತೆಗೆಯಿರಿ. ಹಗಲಲ್ಲಿ ಬರೀ ಗಾರುಗಾರಾಗಿ ಕಂಡ ಮುಖದಲ್ಲಿ ಸಾಲುಗಳು ಎದ್ದು ನಿಲ್ಲುತ್ತವೆ.

ಇನ್ನು ಅಚ್ಚು. ಬೆಳಿಗ್ಗೆ ಏಳರಿಂದ ಹತ್ತರೊಳಗೆ, ಗಾಳಿ ಇಲ್ಲದ ದಿನ ಮಾಡಬೇಕು. ಬಿಸಿಲೇರಿದರೆ ಮಸಿ ಹಾಕುವ ಮೊದಲೇ ಕಾಗದ ಒಣಗಿ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಕಾಗದ ನೀರು ಹೀರಬೇಕು, ಆದರೆ ನೆನೆದಾಗ ಹರಿಯಬಾರದು. ನುಣುಪು ಹಾಳೆ ಕೆಲಸಕ್ಕೆ ಬಾರದು. ಕಲ್ಲನ್ನು ಒದ್ದೆ ಮಾಡಿ, ನೆನೆದ ಹಾಳೆಯನ್ನು ಮೇಲಿನಿಂದ ಇಳಿಬಿಟ್ಟು, ಗಾಳಿ ಗುಳ್ಳೆ ಉಳಿಯದಂತೆ ನಡುವಿನಿಂದ ಅಂಚಿಗೆ ಸವರುತ್ತಾ ಬನ್ನಿ. ಎರಡು ಹಾಳೆ ಬೇಕಾದರೆ ಎರಡಂಗುಲ ಒಂದರ ಮೇಲೊಂದು ಬರಲಿ, ಇಲ್ಲವಾದರೆ ಸೇರುವ ಜಾಗದಲ್ಲಿ ಒಂದು ಸಾಲೇ ಕಳೆದುಹೋಗುತ್ತದೆ. ಆಮೇಲೆ ಬಿರುಸು ಕೂದಲಿನ ಬ್ರಷ್‌ನಿಂದ ನೇರವಾಗಿ ತಟ್ಟಬೇಕು. ಉಜ್ಜಬಾರದು, ಉಜ್ಜಿದರೆ ಕಾಗದ ಹಿಂಜುತ್ತದೆ. ಕಾಗದ ಅಕ್ಷರದ ಕುಳಿಯೊಳಗೆ ಇಳಿದು ಕೂರುವವರೆಗೆ ತಟ್ಟಿ. ಹಾಳೆ ಹರಿದರೆ ಆ ಜಾಗಕ್ಕೆ ಅದೇ ಕಾಗದದ ಒದ್ದೆ ತುಂಡಿಟ್ಟು ಮತ್ತೆ ತಟ್ಟಿದರಾಯಿತು.

ಮಸಿ ಹಾಕುವ ಹದವೇ ಇಡೀ ಕೆಲಸ. ಕಾಗದದ ಮೇಲಿನ ನೀರಿನ ಹೊಳಪು ಹೋಗಿ, ಬೂದು ಬಣ್ಣ ಬಿಳಿಗೆ ತಿರುಗತೊಡಗಿದಾಗ ಶುರುಮಾಡಬೇಕು. ಬೆರಳಿಟ್ಟರೆ ತಂಪು ತಿಳಿಯಬೇಕು, ಒದ್ದೆ ಅಂಟಬಾರದು. ಬೇಗ ಹಾಕಿದರೆ ಮಸಿ ಕುಳಿಗಿಳಿದು ಇಡೀ ಹಾಳೆ ಕಪ್ಪು. ಹತ್ತಿಯ ಉಂಡೆಗೆ ಬಟ್ಟೆ ಬಿಗಿದ ಒತ್ತುಗಟ್ಟು ಎರಡಿರಲಿ. ಒಂದಕ್ಕೆ ಮಸಿ ಸವರಿ, ಇನ್ನೊಂದಕ್ಕೆ ತಟ್ಟಿ ಹೆಚ್ಚಿನದನ್ನು ಇಳಿಸಿ, ರದ್ದಿ ಕಾಗದದ ಮೇಲೆ ನೋಡಿ, ಆಮೇಲೆ ಹಗುರವಾಗಿ ಒತ್ತುತ್ತಾ ಹೋಗಿ. ಮೊದಲ ಸುತ್ತಿಗೆ ಮಸುಕಾಗಿ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ; ಎರಡು ಮೂರು ಸುತ್ತಿಗೆ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಎದ್ದು ಬರುತ್ತದೆ. ಮುಕ್ಕಾಲು ಒಣಗಿದಾಗ ಮೇಲಿನ ಮೂಲೆಯಿಂದ ಬಿಡಿಸಿ, ನೆರಳಲ್ಲಿ ಹರಡಿ. ಹಿಂಬದಿಗೆ ಊರು, ಕಲ್ಲು ಮುಖ ಮಾಡಿದ ದಿಕ್ಕು, ಹಾಳೆ ಸಂಖ್ಯೆ, ತಾರೀಖು ಬರೆಯಿರಿ. ಸುರುಳಿ ಸುತ್ತಬಹುದು, ಮಡಚಬಾರದು.

ಓದಲು ತಿಳಿದವರ ನೆರವು ಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಓದಿದವರು ಅಲ್ಲಲ್ಲಿ ಸಿಗುತ್ತಾರೆ; ಮೈಸೂರಿನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗವೇ ಇದೆ. ಕಾಲದ ಲೆಕ್ಕವನ್ನು ಮಾತ್ರ ನೀವೂ ಪರೀಕ್ಷಿಸಬಹುದು. ಪೂರ್ತಿ ಮುಗಿದ ಶಕವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ. ಅದೇ ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಕಾಳಿ ಎಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಹೇಳುವ, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೇ ನೋಡಿ. ಅದರಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. 872ಕ್ಕೆ 12 ಕೂಡಿದರೆ 884, ಶೇಷ 44, ಅಂದರೆ ಸಾಧಾರಣ. ಸೌಮ್ಯ 43ನೆಯದು. ಹಾಗಾದರೆ ಕಲ್ಲು ಹೇಳುತ್ತಿರುವುದು ಇನ್ನೂ ಮುಗಿಯದೆ ನಡೆಯುತ್ತಿದ್ದ ವರ್ಷವನ್ನು. ಮುಗಿದ ವರ್ಷ 871, ಕ್ರಿಸ್ತಶಕ 949-50. ಈ ಒಂದು ವರ್ಷದ ಎಡವಟ್ಟು ಊರಿನ ಬ್ಯಾನರುಗಳಲ್ಲಿ ಮಾಮೂಲು. ಇನ್ನೂ ಹಳೆಯ, ಹತ್ತನೇ ಶತಮಾನಕ್ಕಿಂತ ಹಿಂದಿನ ಕಲ್ಲುಗಳಿಗೆ ಈ ಲೆಕ್ಕವೊಂದನ್ನೇ ನೆಚ್ಚಿಕೊಳ್ಳಬೇಡಿ.

ಜಾತ್ರೆಯಲ್ಲಿ ಪ್ರದರ್ಶನಕ್ಕೆ ತೇರಿನ ದಿನ ದಂಡ. ಯಾರೂ ನಿಲ್ಲುವುದಿಲ್ಲ, ತಳ್ಳಾಟದಲ್ಲಿ ಚಪ್ಪರವೇ ಉಳಿಯುವುದಿಲ್ಲ. ಹಿಂದಿನ ದಿನ ಅಥವಾ ಮರುದಿನ, ಊಟದ ಸಾಲು ಹಾಯುವ ಜಾಗದಲ್ಲಿ ಹಾಕಿ. ಸಾಲಿನಲ್ಲಿ ನಿಂತವರಿಗೆ ಓದಲು ಪುರುಸೊತ್ತಿರುತ್ತದೆ. ಮೂಲ ಅಚ್ಚನ್ನು ತರಬೇಡಿ. ಅಳತೆಗೆ ಸರಿಯಾಗಿ ಮುದ್ರಿಸಿದ ಪ್ರತಿ ಸಾಕು, ಅದಕ್ಕೆ ಕುಂಕುಮ ಹಚ್ಚಿದರೂ ನಷ್ಟವಿಲ್ಲ. ಹಚ್ಚುತ್ತಾರೆ ಕೂಡ. ಪಕ್ಕದಲ್ಲಿ ಎರಡು ಹಾಳೆ: ಸಾಲು ಸಂಖ್ಯೆಯೊಂದಿಗೆ ಮೂಲ ಪಾಠ, ಆಡುಮಾತಿನಲ್ಲಿ ಅರ್ಥ. ಆರಡಿ ದೂರಕ್ಕೆ ಕಾಣದ ಅಕ್ಷರ ವ್ಯರ್ಥ. ಕನ್ನಡಕ ಮರೆತು ಬಂದ ಹಿರಿಯರಿಗೆ ಗಂಟೆಗೊಮ್ಮೆ ಮೈಕಿನಲ್ಲಿ ಓದಿ ಹೇಳಬೇಕು.

ಓದುವಾಗ ದತ್ತಿಯ, ಅಂದರೆ ದಾನ ಕೊಟ್ಟ ಭೂಮಿಯ ಎಲ್ಲೆ ಬಂದಲ್ಲಿ ನಿಲ್ಲಿಸಿ, ಆ ಕಟ್ಟೆ, ಆ ಹಳ್ಳ, ಆ ಗದ್ದೆ ಈಗ ಯಾವುದು ಎಂದು ಕೇಳಿ. ಗದ್ದೆ ಬಯಲಿನ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುತ್ತವೆ. ಸರ್ವೆ ನಕ್ಷೆಯಲ್ಲಿರುವುದು ಬರೀ ನಂಬರು. ಹೇಳಿದ್ದನ್ನೆಲ್ಲ ನಕ್ಷೆಯ ಜೆರಾಕ್ಸ್ ಮೇಲೆ ಅಲ್ಲೇ ಪೆನ್ಸಿಲ್‌ನಲ್ಲಿ ಗುರುತಿಸಿ. ಇಬ್ಬರು ಬೇರೆ ಬೇರೆ ಜಾಗ ತೋರಿಸಿದರೆ ಎರಡನ್ನೂ ಬರೆಯಿರಿ, ಚಪ್ಪರದಲ್ಲಿ ತೀರ್ಪು ಕೊಡಲು ಹೋಗಬೇಡಿ.

ಕಡ್ಡಾಯವಾಗಿ ವಿವರಿಸಬೇಕಾದದ್ದು ಕಲ್ಲಿನ ನೆತ್ತಿಯ ಚಿತ್ರ. ಸೂರ್ಯ ಚಂದ್ರರನ್ನು ಕಂಡು ನಿಧಿಯ ಗುರುತೆಂದು ರಾತ್ರಿ ಬುಡ ಅಗೆಯುವವರಿದ್ದಾರೆ. ಅದು ಆಚಂದ್ರಾರ್ಕ, ಸೂರ್ಯ ಚಂದ್ರರಿರುವವರೆಗೆ ಈ ದತ್ತಿ ನಡೆಯಲಿ ಎಂಬ ಮಾತಿನ ಚಿತ್ರ. ಅಳಿಪಿದವನಿಗೆ (ದತ್ತಿ ಕೆಡಿಸಿದವನಿಗೆ) ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪ ಎನ್ನುವ ಶಾಪದ ಸಾಲು ನಿಮ್ಮ ಕಲ್ಲಿನಲ್ಲಿದ್ದರೆ ಅದನ್ನು ಎರಡು ಸಲ ಓದಿ. ವೀರಗಲ್ಲಾದರೆ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸನ್ನಿಧಿ ಎಂದು ಬೆರಳಿಟ್ಟು ತೋರಿಸಿ. ಕಲ್ಲಿರುವ ಜಾಗದ ಲೊಕೇಶನ್ ಮಾತ್ರ ವಾಟ್ಸಾಪಿಗೆ ಹಾಕಬೇಡಿ.

ಇಷ್ಟಾದ ಮೇಲೆ ಊರಿನ ಹುರುಪು ಕಲ್ಲನ್ನು ಎತ್ತಿ ನಿಲ್ಲಿಸುವ ಕಡೆ ತಿರುಗುತ್ತದೆ. ಇಲ್ಲಿ ಅವಸರ ಬೇಡ. ಐದಡಿ ಎತ್ತರ, ಮೂರಡಿ ಅಗಲ, ಎಂಟಂಗುಲ ದಪ್ಪದ ಕಣಶಿಲೆ (ಗ್ರಾನೈಟ್) ಮುಕ್ಕಾಲು ಟನ್ ತೂಗುತ್ತದೆ. ಸರಪಳಿ ನೇರ ತಾಗಿದರೆ ಅಂಚು ಸಿಡಿಯುತ್ತದೆ, ಗೋಣಿಚೀಲ ಸುತ್ತಿ. ಗುಂಡಿಗೆ ಜಲ್ಲಿ, ಮರಳು ತುಂಬಿ. ಕಾಂಕ್ರೀಟ್ ಸುರಿದರೆ ಕೊನೆಯ ಸಾಲುಗಳು ಅದರಡಿ ಹೋಗುತ್ತವೆ. ಎನಾಮಲ್ ಬಣ್ಣದ ಡಬ್ಬಿ ಹಿಡಿದು ಬರುವ ಉತ್ಸಾಹಿಗೆ ಕಟ್ಟೆಗೆ ಸುಣ್ಣ ಬಳಿಯುವ ಕೆಲಸ ಕೊಡಿ.

ಅಚ್ಚಿನ ಒಂದು ಪ್ರತಿ, ಪಾಠ, ಕಲ್ಲಿನ ಉದ್ದ ಅಗಲ ದಪ್ಪ, ಮುಕ್ಕಾದ ಮೂಲೆಗಳು ಕಾಣುವಂತೆ ನಾಲ್ಕು ಬದಿಯ ಫೋಟೊ ಇವಿಷ್ಟನ್ನು ಪಂಚಾಯಿತಿಯಲ್ಲೊಂದು, ಶಾಲೆಯಲ್ಲೊಂದು ಕಡತವಾಗಿ ಇಡಿಸಿ ಸ್ವೀಕೃತಿ ಪಡೆಯಿರಿ. ಕಲ್ಲು ಕಾಣೆಯಾದರೆ ಪೊಲೀಸರು ಮೊದಲು ಕೇಳುವುದು ಫೋಟೊ ಮತ್ತು ಅಳತೆಯನ್ನು.