ಠಾಣೆಯ ಫೂಟೇಜ್ ನನ್ನ ಕೈಗೆ ಬಂದ ಕಥೆ

"ಪೊಲೀಸ್ ಸ್ಟೇಷನ್ನಿನ ಫೂಟೇಜ್ ಕೇಳ್ತೀರಾ? ಬೇರೆ ಕೆಲಸ ಇಲ್ವಾ ಮಾರಾಯ್ರೆ?" ಎಂದು ನಕ್ಕವರಲ್ಲಿ ಇಬ್ಬರು ವಕೀಲರೂ ಇದ್ದರು. ಈಗ ಸುಮಾರು ಒಂದು ಗಂಟೆಯ ಫೂಟೇಜ್ ನನ್ನ ಪೆನ್‌ಡ್ರೈವಿನಲ್ಲಿ ಉಂಟು.

ಮಂಗಳೂರಿನಲ್ಲಿ ಸಿಸಿಟಿವಿ ಹಾಕುವುದೇ ನನ್ನ ಹೊಟ್ಟೆಪಾಡು. ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಹುಡುಗಿ ಎಷ್ಟು ನಿಮಿಷ ಕೂತಳು ಎಂದು ಧಣಿ ದುಬೈಯಿಂದ ಮೊಬೈಲಲ್ಲಿ ನೋಡುತ್ತಾರೆ. ಅದನ್ನು ಜೋಡಿಸಿ ಕೊಟ್ಟ ಪಾಪ ನನ್ನದೇ. ಪೊಲೀಸರ ಕೆಲಸದ ಜಾಗದಲ್ಲೂ ಕ್ಯಾಮೆರಾ ಉಂಟಲ್ಲ, ಅದನ್ನು ಯಾರು ನೋಡುತ್ತಾರೆ?

2022ರಲ್ಲಿ ನನ್ನದೇ ಒಂದು ತಕರಾರಿಗೆ ಠಾಣೆಯ ಫೂಟೇಜ್ ಕೇಳಿ ಮಾಹಿತಿ ಹಕ್ಕಿನಲ್ಲಿ ಎರಡು ಪುಟ ಬರೆದು ಹಾಕಿದೆ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದ. ಅರ್ಜಿ ವಾಪಸ್. ತಿದ್ದಿ ಕೊಡುವಷ್ಟರಲ್ಲಿ "ಅಳಿಸಿಹೋಗಿದೆ" ಎಂದರು. ಆಮೇಲೆ ಆಟೋ ಓಡಿಸುವ ಗೆಳೆಯನಿಗಾಗಿ ಕೇಳಿದೆ. ಅದೇ ಉತ್ತರ.

ಆಗ ಕೂತು ಲೆಕ್ಕ ಹಾಕಿದೆ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಹೇಳಿದೆ: ಠಾಣೆಯ ಫೂಟೇಜ್ 18 ತಿಂಗಳು ಇಡಬೇಕು, ಆಗದಿದ್ದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲ. ಡಿಸ್ಕಿಗೆ ಕೋರ್ಟು ಗೊತ್ತಿಲ್ಲ. ಸೆಕೆಂಡಿಗೆ 2 ಮೆಗಾಬಿಟ್ (2 ಎಂಬಿಪಿಎಸ್) ರೆಕಾರ್ಡ್ ಆಗುತ್ತದೆ ಎಂದು ಹಿಡಿದರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21 ಜಿಬಿ ಚಿಲ್ಲರೆ. 8 ಕ್ಯಾಮೆರಾ, 4 ಟಿಬಿ ಡಿಸ್ಕ್ ಎಂದರೆ 23 ದಿನಕ್ಕೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಮಾಹಿತಿ ಹಕ್ಕಿನ ಉತ್ತರಕ್ಕೆ 30 ದಿನ. ಗೊತ್ತಾಯಿತಲ್ವಾ?

ಕಳೆದ ವರ್ಷ ನನ್ನ ಕೆಲಸದ ಹುಡುಗನನ್ನು ಗಾಡಿ ಚೆಕಿಂಗ್ ವೇಳೆ ಎದುರು ಮಾತಾಡಿದ ಎಂದು ಎತ್ತಿಕೊಂಡು ಹೋದರು. ಎರಡು ಏಟು ಬಿತ್ತು, ಫೋನ್ ಹೋಯಿತು. ಕೇಳಿದರೆ, "ಅವನು ಠಾಣೆಗೆ ಬಂದೇ ಇಲ್ಲ." ಈ ಸಲ ನಾನು ಸೀದಾ ಅರ್ಜಿ ಹಾಕಲಿಲ್ಲ. ಮರುದಿನ ಬೆಳಿಗ್ಗೆಯೇ ಮೊದಲು ಪತ್ರ ಕೊಟ್ಟೆ: ಇಂಥ ರಾತ್ರಿಯದ್ದು ತೆಗೆದಿಡಿ, ಅಳಿಸಬೇಡಿ. ಕಮಿಷನರ್ ಕಚೇರಿಗೂ ಒಂದು ಪ್ರತಿ. ಎರಡಕ್ಕೂ ಸೀಲ್ ಹಾಕಿಸಿಕೊಂಡೆ. ಅರ್ಜಿ ಆಮೇಲೆ. ಡಿವಿಆರ್, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆಯ, ಗಡಿಯಾರವನ್ನು ನಂಬಬೇಡಿ, ಆಚೆ ಈಚೆ ಅರ್ಧ ಗಂಟೆ ಸೇರಿಸಿ ಕೇಳಿ. ಇಲ್ಲಿನದು ಹನ್ನೊಂದು ನಿಮಿಷ ಮುಂದಿತ್ತು! ಪತ್ರದ ಎರಡನೇ ಸಾಲಿನಲ್ಲಿ ಏನು ಬರೆದೆ ಎಂದು ಮಾತ್ರ ಹೇಳುವುದಿಲ್ಲ.

ತನಿಖೆಗೆ ಅಡ್ಡಿ ಎಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಎಚ್) ಹಿಡಿದು ಇಲ್ಲ ಎಂದರು. ಮೇಲ್ಮನವಿಯಲ್ಲಿ ನಾನು ಕೇಳಿದ್ದು ಒಂದೇ: ಬಾರದೇ ಇದ್ದವನ ಮೇಲೆ ಯಾವ ತನಿಖೆ, ಎಫ್‌ಐಆರ್ ನಂಬರ್ ಎಷ್ಟು? ಸಾಹೇಬರು ಫೈಲನ್ನು ಎರಡು ಸಲ ಮಗುಚಿ ನೋಡಿದರು. ಮೂರು ವಾರಕ್ಕೆ ಪೆನ್‌ಡ್ರೈವ್ ಬಂತು.

ಖರ್ಚು? ಪೋಸ್ಟಲ್ ಆರ್ಡರ್ 10 ರೂಪಾಯಿ, ರಿಜಿಸ್ಟರ್ಡ್ ಪೋಸ್ಟ್ ಎಲ್ಲ ಸೇರಿ ಐನೂರು ಆಗಿರಬಹುದು. ಕೆಲಸ ಬಿಟ್ಟ ದಿನಗಳದ್ದೇ ಜಾಸ್ತಿ, ಎಂಟು ಸಾವಿರದ ಹತ್ತಿರ. ಈ ನಡುವೆ ಗಾಡಿಗೆ ಡ್ಯಾಶ್‌ಕ್ಯಾಮ್ ಹಾಕಿ ನೋಡಿದೆ. ಏಪ್ರಿಲ್ ಬಿಸಿಲಿಗೆ ಬ್ಯಾಟರಿ ಉಬ್ಬಿ ನಾಲ್ಕೂವರೆ ಸಾವಿರ ನೀರಿಗೆ. ಬ್ಯಾಟರಿ ಬದಲು ಕೆಪಾಸಿಟರ್ ಇರುವುದನ್ನೇ ಕೊಳ್ಳಿ.

ಫೂಟೇಜಿನಲ್ಲಿ ಹುಡುಗ ಬೆಂಚಿನ ಮೇಲೆ ಕೂತಿದ್ದಾನೆ. ಒಂದು ಕೈ ಬಂದು ಕೆನ್ನೆಗೆ ಬೀಳುತ್ತದೆ. ಇಲಾಖಾ ವಿಚಾರಣೆ ಶುರುವಾಗಿದೆ, ಫೋನ್ ವಾಪಸ್ ಬಂದಿದೆ, ಗ್ಲಾಸ್ ಒಡೆದು. ಆದರೆ ವಿಡಿಯೋದಲ್ಲಿ ಶಬ್ದವೇ ಇಲ್ಲ. ಆಡಿಯೋವೂ ಇರಬೇಕು ಎಂದು ಅದೇ ತೀರ್ಪಿನಲ್ಲಿದೆ. ಮೈಕ್ ಎಲ್ಲಿ ಎಂದು ಕೇಳಿ ಮೊನ್ನೆ ಇನ್ನೊಂದು ಹತ್ತು ರೂಪಾಯಿ ಹಾಕಿ ಬಂದಿದ್ದೇನೆ.