ಮೊರೆಯ ಕೀರ್ತನೆಯನ್ನು ನಮ್ಮ ಪ್ರಾರ್ಥನೆಯಾಗಿಸುವ ಬಗೆ

ಸತ್ಯವೇದದ (ಬೈಬಲಿನ) ಕೀರ್ತನೆಗಳ ಪುಸ್ತಕದ 150ರಲ್ಲಿ ಸುಮಾರು ಮೂರನೆಯ ಒಂದು ಪಾಲು ಮೊರೆಯ ಕೀರ್ತನೆಗಳೇ. ದೇವರ ಮುಂದೆ ಅಳುವ, ದೂರುವ, ಕೆಲವೊಮ್ಮೆ ಜಗಳಕ್ಕೇ ನಿಲ್ಲುವ ಪ್ರಾರ್ಥನೆಗಳು ಇವು. ಆದರೂ ಹೆಚ್ಚಿನ ವಿಶ್ವಾಸಿಗಳಿಗೆ ಬಾಯಿಪಾಠವಾಗಿರುವುದು ಸಮಾಧಾನ ಹೇಳುವ 23, 91, 121ನೆಯ ಕೀರ್ತನೆಗಳು. ಮೊರೆಯ ಕೀರ್ತನೆಯನ್ನು ತೆರೆದವರ ಕಣ್ಣು ಕೂಡ ಕೊನೆಯ ಸಮಾಧಾನದ ವಚನಕ್ಕೇ ಓಡುತ್ತದೆ. ಓದು ಕೆಡುವುದು ಅಲ್ಲಿ. ದೂರನ್ನು ಬಿಟ್ಟು ಭರವಸೆಯನ್ನಷ್ಟೇ ಎತ್ತಿಕೊಂಡರೆ, ಅದು ಯಾವ ಸಂಕಟದ ನಡುವೆ ಹುಟ್ಟಿದ ಭರವಸೆ ಎಂಬುದು ಮರೆತುಹೋಗುತ್ತದೆ.

ಮೊದಲು 13ನೆಯ ಕೀರ್ತನೆಯಿಂದ ಕಲಿಯಿರಿ. ಅದರಲ್ಲಿರುವುದು ಆರೇ ವಚನ, ಆದರೆ ಮೊರೆಯ ಎಲ್ಲ ಭಾಗಗಳೂ ಇವೆ. ಒಂದು ಹಾಳೆ, ಒಂದು ಪೆನ್ನು, ಇಪ್ಪತ್ತು ನಿಮಿಷ ಸಾಕು. ಎರಡು ಸಲ ದನಿಯೆತ್ತಿ ಓದಿ. ಮನಸ್ಸಿನಲ್ಲೇ ಓದಿದರೆ ಪರಿಚಿತ ಮಾತುಗಳ ಮೇಲೆ ಕಣ್ಣು ಜಾರಿಹೋಗುತ್ತದೆ. ಬಾಯಿಗೆ ಆ ಅವಸರ ಸಾಧ್ಯವಿಲ್ಲ. ಆಮೇಲೆ ಮೂರು ಗೆರೆ ಎಳೆದು ಭಾಗ ಮಾಡಿ: 1–2 ದೂರು, 3–4 ಬೇಡಿಕೆ, 5–6 ಭರವಸೆ ಮತ್ತು ಹಾಡು.

ದೂರಿನ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಅಲ್ಲಿ ನೋವು ಮೂರು ದಿಕ್ಕಿಗೆ ಮುಖ ಮಾಡಿದೆ. ದೇವರು ಮರೆತಿದ್ದಾನೆ, ಮುಖ ಮರೆಮಾಡಿಕೊಂಡಿದ್ದಾನೆ ಎಂಬುದು ಒಂದು. ಹಗಲೆಲ್ಲ ಎದೆಯೊಳಗೆ ದುಃಖ ಕೊರೆಯುತ್ತಿದೆ ಎಂಬುದು ಇನ್ನೊಂದು. ವೈರಿ ಮೇಲುಗೈಯಾಗಿದ್ದಾನೆ ಎಂಬುದು ಮೂರನೆಯದು. ನಿಮ್ಮ ಹಾಳೆಯಲ್ಲೂ ಈ ಮೂರಕ್ಕೆ ಜಾಗ ಬಿಡಿ: ದೇವರ ಬಗ್ಗೆ ಏನು ಅನಿಸುತ್ತಿದೆ, ನನ್ನೊಳಗೆ ಏನಾಗುತ್ತಿದೆ, ಹೊರಗಿನಿಂದ ಯಾರು ಅಥವಾ ಯಾವುದು ಒತ್ತುತ್ತಿದೆ. ಒಂದೊಂದಕ್ಕೆ ಎರಡೇ ಸಾಲು. ‘ಕಷ್ಟದಲ್ಲಿದ್ದೇನೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಕೈತಪ್ಪಿದ ಕೆಲಸ, ಮಾತು ಬಿಟ್ಟ ಮಗ, ನಿದ್ದೆ ಬಾರದ ರಾತ್ರಿ, ಯಾವುದೋ ಅದನ್ನೇ ಬರೆಯಿರಿ. ಮೊದಲನೆಯ ಜಾಗವನ್ನು ಖಾಲಿ ಬಿಡುವವರೇ ಹೆಚ್ಚು. ದೇವರನ್ನು ಪ್ರಶ್ನಿಸಿದರೆ ಪಾಪ ಎಂಬ ಅಂಜಿಕೆ. ಆದರೆ 22ನೆಯ ಕೀರ್ತನೆಯ ಮೊದಲ ಪ್ರಶ್ನೆಯನ್ನು, ‘ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಎಂಬುದನ್ನು, ಯೇಸುವೇ ಶಿಲುಬೆಯ ಮೇಲೆ ಕೂಗಿದನೆಂದು ಮತ್ತಾಯನ ಸುವಾರ್ತೆ 27:46 ಹೇಳುತ್ತದೆ. ಅಲ್ಲೂ ಮಾತು ಶುರುವಾಗುವುದು ‘ನನ್ನ ದೇವರೇ’ ಎಂದೇ. ದೂರು ದೇವರನ್ನು ಬಿಟ್ಟುಹೋದವನದಲ್ಲ, ಅವನ ಬಾಗಿಲಲ್ಲೇ ನಿಂತವನದು.

ಬೇಡಿಕೆ ಚಿಕ್ಕದಾಗಿರಲಿ. ಕೀರ್ತನೆಗಾರನು ನನ್ನತ್ತ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು ಎನ್ನುತ್ತಾನೆ. ಇಲ್ಲದಿದ್ದರೆ ಏನಾದೀತೆಂಬ ಕಾರಣವನ್ನೂ ಮುಂದಿಡುತ್ತಾನೆ. ನೀವೂ ಒಂದು ಬೇಡಿಕೆ, ಒಂದು ಕಾರಣ ಬರೆಯಿರಿ. ಪಟ್ಟಿ ಬೆಳೆದಷ್ಟೂ ಪ್ರಾರ್ಥನೆ ಅರ್ಜಿಯಾಗುತ್ತದೆ.

ಐದನೆಯ ವಚನದ ತಿರುವನ್ನು ಗಮನಿಸಿ. ವೈರಿ ಸೋತನೆಂದಾಗಲಿ ಸಂಕಟ ತೀರಿತೆಂದಾಗಲಿ ಅಲ್ಲಿ ಹೇಳಿಲ್ಲ. ಆದುದರಿಂದ ನಿಮ್ಮ ಭರವಸೆಯ ಸಾಲೂ ‘ಎಲ್ಲ ಸರಿಯಾಗಿದೆ’ ಎನ್ನಬೇಕಿಲ್ಲ. ದೇವರು ಹಿಂದೆ ತೋರಿಸಿದ ಒಂದು ಕರುಣೆಯನ್ನು ನೆನೆದು ಬರೆದರೆ ಸಾಕು. ಆ ದಿನ ಅದೂ ಬಾರದಿದ್ದರೆ ಬರೆಯಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಭರವಸೆಯ ತಿರುವಿಲ್ಲದೆ. ಆದರೂ ಅದು ಸತ್ಯವೇದದಲ್ಲೇ ಇದೆ. ಅದಕ್ಕೆ ನಮ್ಮ ಕಡೆಯಿಂದ ಒಂದು ಸಂತೋಷದ ಬಾಲ ಅಂಟಿಸುವುದು ಬೋಧಕರ ಹಳೆಯ ಚಟ.

13 ಕೈಗೆ ಹತ್ತಿದ ಮೇಲೆ ಸಂದರ್ಭ ನೋಡಿ ಆರಿಸಿಕೊಳ್ಳಿ. ಹತ್ತಿರದ ಗೆಳೆಯನೇ ಕೈಕೊಟ್ಟಿದ್ದರೆ 55. ತಪ್ಪಿನ ಭಾರಕ್ಕೆ 51 ಅಥವಾ 130. 51ನ್ನು ಓದುವ ಮೊದಲು ದಾವೀದನ ಪಾಪದ ಕಥೆಯಿರುವ 2 ಸಮುವೇಲ 11 ಮತ್ತು 12ನೆಯ ಅಧ್ಯಾಯಗಳನ್ನು ಓದಿಕೊಂಡರೆ ಆ ಅರಿಕೆಯ ತೂಕ ತಿಳಿಯುತ್ತದೆ. ಇಳಿವಯಸ್ಸಿನ ಅಂಜಿಕೆಗೆ 71. ಇಡೀ ಸಮುದಾಯಕ್ಕೆ ಬಂದ ಕೇಡಿಗೆ 44, ಅದೂ ‘ನಾವು ನಿನ್ನನ್ನು ಮರೆಯಲಿಲ್ಲ’ ಎಂದು ವಾದಿಸುತ್ತದೆ. 42 ಮತ್ತು 43ನ್ನು ಸೇರಿಸಿಯೇ ಓದಿ. ಒಂದೇ ಪಲ್ಲವಿ ಎರಡರಲ್ಲೂ ಸೇರಿ ಮೂರು ಸಲ ಬರುತ್ತದೆ. (ಗ್ರೀಕ್ ಮತ್ತು ಲ್ಯಾಟಿನ್ ಎಣಿಕೆಯ ಪುಸ್ತಕಗಳಲ್ಲಿ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ. ಅಲ್ಲಿ 51 ಎಂಬುದು 50.)

ಶಾಪದ ಮಾತುಗಳು ಎದುರಾಗುತ್ತವೆ: 109, 137ರ ಕೊನೆ. ಹಾರಿಸಿ ಓದಬೇಡಿ, ಒಬ್ಬ ವ್ಯಕ್ತಿಯ ಹೆಸರಿಟ್ಟು ಪ್ರಯೋಗಿಸಲೂ ಬೇಡಿ. ಅನ್ಯಾಯಕ್ಕೊಳಗಾದವನ ಸಿಟ್ಟು ಅಲ್ಲಿ ಕೈಗೆ ಹೋಗದೆ ದೇವರ ಕಿವಿಗೆ ಹೋಗಿದೆ. ಓದಿದ ಮೇಲೆ ರೋಮಾಪುರದವರಿಗೆ ಬರೆದ ಪತ್ರದ 12:19ನ್ನು ಸೇರಿಸಿ ಓದಿ: ಮುಯ್ಯಿ ತೀರಿಸುವ ಕೆಲಸ ಅಲ್ಲಿ ದೇವರದು. ನಿಮ್ಮ ಸಿಟ್ಟನ್ನು ಹಾಳೆಯ ಮೇಲೆ ಬರೆದು, ಆ ತೀರ್ಪನ್ನು ಅವನಿಗೆ ಬಿಟ್ಟುಕೊಟ್ಟೆನೆಂದು ಬಾಯಿಬಿಟ್ಟು ಹೇಳಿ.

ಬೇರೊಬ್ಬರ ಹಾಸಿಗೆಯ ಬಳಿ ಕುಳಿತು ಓದುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಮೊದಲು ಓದಲೇ ಎಂದು ಕೇಳಿ. ಬೇಡವೆಂದರೆ ಸುಮ್ಮನೆ ಕುಳಿತಿರಿ. ರೋಗಿಯ ಮುಂದೆ 38 ಅಥವಾ 51ನ್ನು ನೀವಾಗಿ ತೆಗೆಯಬೇಡಿ. ರೋಗ ನಿಮ್ಮ ಪಾಪದ ಫಲ ಎಂದಂತೆ ಕೇಳಿಸುತ್ತದೆ, ಆ ಲೆಕ್ಕಾಚಾರವನ್ನು ಯೋಹಾನ 9:3ರಲ್ಲಿ ಯೇಸುವೇ ತಳ್ಳಿಹಾಕಿದ್ದಾನೆ. ಆರರಿಂದ ಹತ್ತು ವಚನ ಸಾಕು, ನಿಧಾನವಾಗಿ. ಮುಗಿದ ಕೂಡಲೇ ವಿವರಣೆಗೆ ಇಳಿಯದೆ ಒಂದು ನಿಮಿಷ ಬಿಡಿ. ಅಷ್ಟರಲ್ಲಿ ಅವರೇ ಮಾತಾಡತೊಡಗಿದರೆ ಪುಸ್ತಕ ಮುಚ್ಚಿ ಕೇಳಿಸಿಕೊಳ್ಳಿ.