ಹರೆಯದ ಮೊಡವೆ: ಮೊದಲು ಮುಖದ ಮೇಲಿಂದ ಕೈ ತೆಗೆಯಿರಿ

ಮಕ್ಕಳ ಮುಖದಲ್ಲಿ ಒಂದು ಮೊಡವೆ ಎದ್ದರೆ ಸಾಕು, ನಮ್ಮ ಮನೆಗಳಲ್ಲಿ ತೀರ್ಪು ಸಿದ್ಧ. "ಮೈಗೆ ಉಷ್ಣ ಆಗಿದೆ, ಮಾವಿನಹಣ್ಣು ಮುಟ್ಟಬೇಡ, ಮಜ್ಜಿಗೆ ಕುಡಿ." ಮಜ್ಜಿಗೆ ಕುಡಿಯಲಿ, ಒಳ್ಳೆಯದೇ. ಆದರೆ ಇಡೀ ತಪ್ಪನ್ನು ಮಾವಿನಹಣ್ಣಿನ ತಲೆಗೆ ಕಟ್ಟಬೇಡಿ. ಇದು ವಯಸ್ಸಿನ ಕೆಲಸ.

12-13 ವರ್ಷದ ಹೊತ್ತಿಗೆ ಮೈಯಲ್ಲಿ ಆಂಡ್ರೋಜನ್ ಎಂಬ ಹಾರ್ಮೋನು ಏರುತ್ತದೆ. ಹುಡುಗರಲ್ಲಿ ಜಾಸ್ತಿ, ಹುಡುಗಿಯರಲ್ಲೂ ಇರುತ್ತದೆ. ಅದು ಚರ್ಮದೊಳಗಿನ ಎಣ್ಣೆ ಗ್ರಂಥಿಗಳನ್ನು ದೊಡ್ಡದು ಮಾಡುತ್ತದೆ, ಜಿಡ್ಡು ಹೆಚ್ಚುತ್ತದೆ. ಆ ಜಿಡ್ಡಿಗೆ ಸತ್ತ ಚರ್ಮದ ಪುಡಿ ಸೇರಿ ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ. ಚರ್ಮದಲ್ಲಿ ಮೊದಲಿಂದಲೂ ಇರುವ ಬ್ಯಾಕ್ಟೀರಿಯಾ ಒಳಗೆ ಹೆಚ್ಚಿಕೊಂಡಾಗ ಊತ, ಕೆಂಪು, ಕೀವು. ಮೂಗಿನ ಮೇಲಿನ ಕರಿ ಚುಕ್ಕೆಗಳು ಕೊಳೆ ಅಲ್ಲ, ಕಟ್ಟಿಕೊಂಡದ್ದು ಗಾಳಿ ತಾಗಿ ಕಪ್ಪಾಗಿರುತ್ತದೆ ಅಷ್ಟೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಪ್ಪನಿಗೋ ಅಮ್ಮನಿಗೋ ಆ ವಯಸ್ಸಿನಲ್ಲಿ ಜೋರಾಗಿ ಬಂದಿದ್ದರೆ ಮಕ್ಕಳಿಗೂ ಬರುವುದು ಹೆಚ್ಚು. ಆಗ ಯಾರನ್ನು ಬೈಯುತ್ತೀರಿ?

ಹಾಗಾಗಿ ಮೊಡವೆಯನ್ನೇ ಪೂರ್ತಿ ತಡೆಯುತ್ತೇನೆ ಎಂದು ಹೊರಡಬೇಡಿ. ತಡೆಯಬೇಕಾದ್ದು ಕಲೆ ಮತ್ತು ಗುಳಿ. ನಮ್ಮಂಥ ಕಂದು ಚರ್ಮದಲ್ಲಿ ಮೊಡವೆ ಒಂದೆರಡು ವಾರಕ್ಕೆ ಆರಿದರೂ ಅದು ಬಿಟ್ಟುಹೋದ ಕಪ್ಪು ಕಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಚಿವುಟಿ ಹಿಸುಕಿದರೆ ಕೀವು ಹೊರಗೆ ಬಂದಷ್ಟೇ ಒಳಕ್ಕೂ ಹೋಗುತ್ತದೆ. ಗುಳಿ ಬೀಳುವುದು ಹೀಗೇ. ಗುಳಿ ಬಿದ್ದ ಮೇಲೆ ಯಾವ ಲೇಪವೂ ಅದನ್ನು ತುಂಬುವುದಿಲ್ಲ.

ಇನ್ನು ತಲೆಗೆ ಎಣ್ಣೆ. ಇದನ್ನು ಹೇಳಿದರೆ ನನ್ನ ವಯಸ್ಸಿನವರೇ ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ರಾತ್ರಿ ನೆತ್ತಿ ತುಂಬ ಕೊಬ್ಬರಿ ಎಣ್ಣೆ ತಟ್ಟಿ ಮಲಗಿಸಿದರೆ ಅದು ಹಣೆಗೆ ಇಳಿಯುತ್ತದೆ, ದಿಂಬಿಗೆ ಹತ್ತುತ್ತದೆ, ದಿಂಬಿನಿಂದ ಕೆನ್ನೆಗೆ. ಕೊಬ್ಬರಿ ಎಣ್ಣೆ ರಂಧ್ರ ಮುಚ್ಚುವ ಜಾತಿಯದು. ಹಣೆಯಲ್ಲಿ, ಕೂದಲಿನ ಅಂಚಿನುದ್ದಕ್ಕೂ ಸಾಲಾಗಿ ಸಣ್ಣ ಗುಳ್ಳೆ ಎದ್ದಿದ್ದರೆ ಮೊದಲು ಎಣ್ಣೆಯನ್ನೇ ಅನುಮಾನಿಸಿ. ಎಣ್ಣೆ ಬಿಡಲೇಬೇಕು ಅಂತಿಲ್ಲ. ಭಾನುವಾರ ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ, ತೊಳೆದುಬಿಡಿ. ದಿಂಬಿನ ಕವರ್ ವಾರಕ್ಕೆರಡು ಸಲ ಬದಲಿಸಿ. ಬೈಕ್ ಓಡಿಸುವ ಹುಡುಗರಿದ್ದರೆ ಹೆಲ್ಮೆಟ್ ಒಳಗಿನ ಬಟ್ಟೆಯನ್ನೂ ಒಮ್ಮೆ ಮೂಸಿ ನೋಡಿ, ಆಮೇಲೆ ನೀವೇ ಬಕೆಟ್ ಹುಡುಕುತ್ತೀರಿ.

ಮುಖ ತೊಳೆಯುವುದು ದಿನಕ್ಕೆ ಎರಡು ಸಲ, ಆಟವಾಡಿ ಬೆವರಿದರೆ ಇನ್ನೊಂದು ಸಲ. ಮೆದು ಫೇಸ್‌ವಾಶ್ ಸಾಕು. ಐದಾರು ಸಲ ಸೋಪು ಹಾಕಿ ತಿಕ್ಕಿದರೆ ಚರ್ಮ ಉರಿದು ಮೊಡವೆ ಇನ್ನೂ ಕೆರಳುತ್ತದೆ. ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಮೂರೂ ಮುಖಕ್ಕೆ ಬೇಡವೇ ಬೇಡ. ಕಡಲೆಹಿಟ್ಟು ಹಚ್ಚಲೇಬೇಕೆಂಬ ಆಸೆ ಇದ್ದರೆ ನೀರಿನಲ್ಲಿ ತೆಳ್ಳಗೆ ಕಲಸಿ, ತಿಕ್ಕದೆ, ಒಣಗುವ ಮುಂಚೆ ತೊಳೆಯಿರಿ. ಮೊಡವೆ ವಾಸಿಯಾಗುತ್ತದೆ ಅಂತ ಮಾತ್ರ ನಂಬಬೇಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಮೆಡಿಕಲ್ ಶಾಪಿನ ಕ್ರೀಮ್ ವಿಷಯದಲ್ಲಿ. ಯಾರೋ ಹೇಳಿದರು ಅಂತ ಬೆಟಾಮೆಥಸೋನ್, ಕ್ಲೋಬೆಟಸಾಲ್ ಇರುವ ಟ್ಯೂಬ್ ತಂದು ಹಚ್ಚುತ್ತಾರೆ. ಇವು ಸ್ಟೀರಾಯ್ಡ್. ಮೊದಲ ವಾರ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ, ಎಲ್ಲರೂ ಹೊಗಳುತ್ತಾರೆ. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಮೊಡವೆ ಏಳುತ್ತದೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗಿ ಒಳಗಿನ ರಕ್ತನಾಳ ಕಾಣುತ್ತದೆ, ಬಿಸಿಲಿಗೆ ಹೋದರೆ ಉರಿ, ಹುಡುಗಿಯರಿಗೆ ಮುಖದ ಮೇಲೆ ಕೂದಲು ಕೂಡ. 2018ರಲ್ಲೇ ಕೇಂದ್ರ ಸರ್ಕಾರ ಇಂಥವನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ಆದರೂ ಕೇಳಿದರೆ ಕೊಟ್ಟುಬಿಡುವ ಅಂಗಡಿ ಇದ್ದೇ ಇದೆ, ಅಲ್ವಾ? ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಮಕ್ಕಳ ಕೈಲಿ ಓದಿಸಿ. ಹಚ್ಚಲು ಶುರುಮಾಡಿ ಬಹಳ ದಿನ ಆಗಿದ್ದರೆ ತಟ್ಟನೆ ನಿಲ್ಲಿಸದೆ ಚರ್ಮದ ಡಾಕ್ಟರಿಗೆ ತೋರಿಸಿ.

ನಿಜವಾಗಿ ಕೆಲಸ ಮಾಡುವ ಔಷಧಿಗಳಿವೆ. ಬೆನ್ಜಾಯಿಲ್ ಪೆರಾಕ್ಸೈಡ್ 2.5 ಪರ್ಸೆಂಟಿನದು, ರಾತ್ರಿ ಹಚ್ಚುವ ಅಡಾಪಲೀನ್ ಇಂಥವು. ಡಾಕ್ಟರನ್ನು ಕೇಳಿಯೇ ಶುರುಮಾಡಿ. ಮೊದಮೊದಲು ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಹೆದರಬೇಡಿ, ಜಿಡ್ಡಿಲ್ಲದ ಮಾಯಿಶ್ಚರೈಸರ್ ಹಚ್ಚಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು. ನಾಲ್ಕು ದಿನಕ್ಕೆ ಬೇಸತ್ತು ಕ್ರೀಮ್ ಬದಲಿಸಿದರೆ ಯಾವುದೂ ನಾಟುವುದಿಲ್ಲ. ಬೆನ್ಜಾಯಿಲ್ ಪೆರಾಕ್ಸೈಡ್ ತಾಗಿದ ಬಟ್ಟೆ ಬಣ್ಣ ಬಿಡುತ್ತದೆ, ಹಾಗಾಗಿ ಆ ಮಗುವಿಗೆ ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಕೊಡಿ. ಹೊಸ ಮೈಸೂರು ಸಿಲ್ಕ್ ಬ್ಲೌಸ್ ಹಾಕಿಕೊಂಡು ಪಕ್ಕ ಕೂರಬೇಡಿ. ಹಗಲು ಸನ್‌ಸ್ಕ್ರೀನ್ ಹಚ್ಚಿದರೆ ಕಲೆ ಗಾಢವಾಗುವುದು ತಪ್ಪುತ್ತದೆ.

ಊಟದ ಮಾತು ಪೂರ್ತಿ ಸುಳ್ಳಲ್ಲ. ಸಕ್ಕರೆ, ತಂಪು ಪಾನೀಯ, ಬೇಕರಿ ಬನ್ನು ಬಿಸ್ಕತ್ತು ಜಾಸ್ತಿಯಾದರೆ ಕೆಲವರಿಗೆ ಮೊಡವೆ ಹೆಚ್ಚುತ್ತದೆ. ಜಿಮ್‌ಗೆ ಹೋಗುವ ಹುಡುಗರು ಕುಡಿಯುವ ವೇ ಪ್ರೋಟೀನ್ ಕೂಡ ಕೆಲವರಲ್ಲಿ ಕಾರಣ. ಹುಡುಗನ ಬೆನ್ನು, ಎದೆ ತುಂಬ ಇದ್ದಕ್ಕಿದ್ದಂತೆ ಎದ್ದರೆ ಡಬ್ಬಿಯ ಬಗ್ಗೆ ಕೇಳಿ.

ಒಳಗೆ ಗಟ್ಟಿ ಗಂಟು ಕಟ್ಟಿ ನೋಯುತ್ತಿದ್ದರೆ, ಗುಳಿ ಬೀಳಲು ಶುರುವಾದರೆ, ಹುಡುಗಿಗೆ ಮುಟ್ಟು ತಿಂಗಳುಗಟ್ಟಲೆ ಏರುಪೇರಾಗಿ ಗಲ್ಲದಲ್ಲಿ ಕೂದಲೂ ಬರುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮಗು ಮುಖ ತೋರಿಸಲು ನಾಚಿ ಕಾಲೇಜು ತಪ್ಪಿಸುತ್ತಿದ್ದರೂ ಅಷ್ಟೇ, ಅದೂ ಡಾಕ್ಟರ ಬಳಿ ಹೋಗಲು ಸಾಕಷ್ಟು ಕಾರಣ. ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಕೊಡಬಹುದು. ಜೋರಿನ ಮೊಡವೆಗೆ ಒಳ್ಳೆಯ ಔಷಧಿ, ಆದರೆ ಗರ್ಭಿಣಿಯರು ತಿಂದರೆ ಹುಟ್ಟುವ ಮಗುವಿಗೆ ಊನವಾಗುತ್ತದೆ. ಅಕ್ಕನಿಗೆ ಬರೆದುಕೊಟ್ಟ ಮಾತ್ರೆ ತಂಗಿ ನುಂಗುವ ಹಾಗಿಲ್ಲ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಮುಚ್ಚಿಡಬೇಡಿ, ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ.